ಐನೂರು ಪ್ರತಿಗಳ ಪದ್ಧತಿಯನ್ನು ಕೈಬಿಡುತ್ತಿರುವ ಕುರಿತು

ಕವಿಮಿತ್ರರಿಗೂ ನಮ್ಮ ಪುಸ್ತಕಗಳನ್ನು ಕೊಂಡು ಓದುತ್ತ ಬಂದಿರುವ ಎಲ್ಲರಿಗೂ ನಮಸ್ಕಾರಗಳು.

ಬರುವ ಯುಗಾದಿಯಿಂದ ಹಾಸನದ ನಮ್ಮ ಸಂಘವು ಕವನ ಸಂಕಲನಗಳನ್ನು ಒಂದೇ ಸಲಕ್ಕೆ 500 ಪ್ರತಿ ಅಚ್ಚು ಹಾಕಿಸುವುದಿಲ್ಲ. ಮೊದಲ ಮುದ್ರಣ 100 ಪ್ರತಿಯಷ್ಟೇ. ಅವು ಖರ್ಚಾದ ಮೇಲೆ ಐವತ್ತೈವತ್ತರಂತೆ ಮತ್ತೆ ಮುದ್ರಿಸುತ್ತೇವೆ. ಇದರಿಂದ ಕವಿ ಕೊಡಬೇಕಾದ ಮುಂಗಡವು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ 96 ಪುಟದ ಸಂಕಲನದ ಬೆಲೆ 120 ರೂಪಾಯಿಯಿಂದ 160 ರೂಪಾಯಿಗೆ ಏರುತ್ತದೆ. ಈ ಸುದ್ದಿ ನಮ್ಮ ಪತ್ರಕ್ಕಿಂತ ಮೊದಲೇ ನಿಮ್ಮನ್ನು ತಲುಪಿ, ಸಂಘ ಮುಚ್ಚುತ್ತಿದೆ ಎಂಬ ಮಾತಾಗಿ ನಮ್ಮ ಬಾಗಿಲಿಗೇ ಹಿಂದಿರುಗಿ ಬಂದಿದೆ. ಸಂಘ ಮುಚ್ಚುತ್ತಿಲ್ಲ. ಮೊದಲೇ ತಿಳಿಸದೆ ಇದ್ದದ್ದು ನಮ್ಮ ತಪ್ಪು, ಅದಕ್ಕೆ ಕ್ಷಮೆ ಇರಲಿ.

ಬೆಲೆಯ ಮಾತನ್ನು ಮೊದಲು ಮುಗಿಸುತ್ತೇವೆ, ಏಕೆಂದರೆ ಏರಿಸಿದ ಹಣ ಕಾರ್ಯದರ್ಶಿಯ ಜೇಬಿಗೆ ಹೋಗುತ್ತದೆ ಎಂದು ನಮ್ಮ ಮೇಲೆ ಬಂದಿರುವ ಆಪಾದನೆ ನ್ಯಾಯವಾದುದಲ್ಲ. ಡೆಮಿ ಅಷ್ಟಾಂಶ ಆಕಾರದ 96 ಪುಟದ ಪುಸ್ತಕವೆಂದರೆ ಹದಿನಾರು ಪುಟಗಳ ಆರು ಫಾರಂ, ಒಂದು ಫಾರಂ ಎಂದರೆ ಎರಡೂ ಬದಿ ಅಚ್ಚಾದ ಒಂದು ದೊಡ್ಡ ಹಾಳೆ. ಒಂದು ಪ್ರತಿಗೆ ಆರು ಹಾಳೆ, 500 ಪ್ರತಿಗೆ ಐನೂರು ಹಾಳೆಗಳ ಆರು ರೀಮು, ಅದರ ಮೇಲೆ ಯಂತ್ರಕ್ಕೆ ಬಲಿಯಾಗುವ ಹಾಳೆಗಳು ಬೇರೆ. 2025ರ ಸೆಪ್ಟೆಂಬರ್ 22ರಿಂದ ನೋಟ್ ಪುಸ್ತಕಕ್ಕೆ ಬಳಸುವ ಕಾಗದಕ್ಕೆ ಜಿಎಸ್‌ಟಿ ಇಲ್ಲವಾಯಿತು, ಆದರೆ ಪುಸ್ತಕ ಮುದ್ರಿಸುವ ಕಾಗದದ ತೆರಿಗೆ ಶೇ. 12ರಿಂದ ಶೇ. 18ಕ್ಕೆ ಏರಿತು. ಮುದ್ರಿತ ಪುಸ್ತಕಕ್ಕೆ ತೆರಿಗೆ ಇಲ್ಲ ಎಂಬುದು ನಿಜ. ಆದರೆ ಅದೇ ಕಾರಣಕ್ಕೆ ಕಾಗದದ ಮೇಲೆ ನಾವು ಕಟ್ಟಿದ ತೆರಿಗೆಯನ್ನು ಎಲ್ಲಿಯೂ ವಜಾ ಹಾಕಿಕೊಳ್ಳಲು ಬರುವುದಿಲ್ಲ, ಅಷ್ಟೂ ಪುಸ್ತಕದ ಅಸಲಿಗೇ ಸೇರುತ್ತದೆ. ಇನ್ನು ಆಫ್‌ಸೆಟ್ಟಿನಲ್ಲಿ ಪುಟಗಳನ್ನು ಅಚ್ಚು ಹಾಕುವ ಲೋಹದ ಪ್ಲೇಟಿನ ಖರ್ಚು ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ. ಆದ್ದರಿಂದ ಕಡಿಮೆ ಪ್ರತಿಗಳನ್ನು ಡಿಜಿಟಲ್ ಯಂತ್ರದಲ್ಲಿ ಮಾಡಿಸಬೇಕಾಗುತ್ತದೆ, ಅಲ್ಲಿ ಪ್ಲೇಟು ಬೇಕಿಲ್ಲವಾದರೂ ಪ್ರತಿಯೊಂದರ ಅಸಲು ಹೆಚ್ಚು. ಏರಿದ ನಲವತ್ತು ರೂಪಾಯಿ ಹೋಗುವುದು ಇಲ್ಲಿಗೆ, ಕಾರ್ಯದರ್ಶಿಯ ಜೇಬಿಗಲ್ಲ.

ಅಂಚೆಯದೂ ಇದೇ ಕಥೆ. ಪುಸ್ತಕಗಳಿಗೆಂದೇ ಇದ್ದ ಅಗ್ಗದ ಅಂಚೆ ಸೇವೆ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತ ಮೇಲೆ ನಾಲ್ಕೈದು ತಿಂಗಳು ಪುಸ್ತಕಕ್ಕಿಂತ ಕೊರಿಯರೇ ದುಬಾರಿ ಎಂದು ನಿಮ್ಮಿಂದ ಅನ್ನಿಸಿಕೊಂಡೆವು. 2025ರ ಮೇ ತಿಂಗಳಿನಿಂದ ಪುಸ್ತಕಗಳಿಗಾಗಿ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಬಂದಿದ್ದು, 300 ಗ್ರಾಮಿನವರೆಗೆ 20 ರೂಪಾಯಿ ಮತ್ತು ತೆರಿಗೆ. ನಮ್ಮ ಎರಡು ಸಂಕಲನಗಳು ಒಂದೇ ಲಕೋಟೆಯಲ್ಲಿ ಆ ತೂಕದೊಳಗೆ ಬರುತ್ತವೆಯಾದ್ದರಿಂದ ದಯವಿಟ್ಟು ಎರಡೆರಡಾಗಿ ತರಿಸಿಕೊಳ್ಳಿ.

ಈಗ ವರ್ಷಗಳಿಂದ ಕೇಳುತ್ತ ಬಂದಿರುವ ದೂರಿಗೆ ಬರುತ್ತೇವೆ: ಕವಿಯ ಹಣದಲ್ಲೇ ಪುಸ್ತಕ ಮಾಡಿ ಕವಿಯ ಮನೆಗೇ ಹೊರಿಸುವ ನೀವು ಎಂಥ ಪ್ರಕಾಶಕರು? ಹಣ ಪಡೆದಿದ್ದೇವೆ, ಅಲ್ಲಗಳೆಯುವುದಿಲ್ಲ. ಆದರೆ ಅದು ಕಾಗದ, ಮುದ್ರಣ ಮತ್ತು ಬೈಂಡಿಂಗಿಗೆ ಮಾತ್ರ. ಹಸ್ತಪ್ರತಿ ಓದಿದ್ದಕ್ಕೆ, ಕರಡು ತಿದ್ದಿದ್ದಕ್ಕೆ, ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಿಂದ ಯೂನಿಕೋಡಿಗೆ ಬದಲಾಯಿಸುವಾಗ ಚೆಲ್ಲಾಪಿಲ್ಲಿಯಾದ ಒತ್ತಕ್ಷರಗಳನ್ನು ಒಂದೊಂದಾಗಿ ಸರಿಪಡಿಸಿದ್ದಕ್ಕೆ ಒಂದು ರೂಪಾಯಿಯನ್ನೂ ಕೇಳಿಲ್ಲ. ಶಾಲೆ, ಕಚೇರಿ, ತೋಟದ ಕೆಲಸ ಮುಗಿಸಿ ಬಂದ ಸದಸ್ಯರೇ ಅದನ್ನು ರಾತ್ರಿ ಕುಳಿತು ಮಾಡಿದ್ದಾರೆ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಗೂ ನಾವು ಹಣ ಪಡೆದಿಲ್ಲ, ಯಾರೂ ಪಡೆಯಬಾರದು. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಯು ಅದನ್ನು ಉಚಿತವಾಗಿ ಕೊಡುತ್ತದೆ, ಸ್ವಂತವಾಗಿ ಪ್ರಕಟಿಸುವ ಕವಿಯೂ ನೇರವಾಗಿ ಅರ್ಜಿ ಹಾಕಬಹುದು.

ದೂರಿನ ಇನ್ನರ್ಧಕ್ಕೆ ಮಾತ್ರ ನಮ್ಮಲ್ಲಿ ಉತ್ತರವಿಲ್ಲ. ಹೆಚ್ಚು ಹಾಕಿಸಿದರೆ ಪ್ರತಿಯೊಂದಕ್ಕೆ ಅಗ್ಗ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಮುನ್ನೂರು ಒಟ್ಟಿಗೆ ಹೋಗುತ್ತವೆ ಎಂಬ ಲೆಕ್ಕವನ್ನು ನಾವೂ ನಂಬಿ ನಿಮ್ಮನ್ನೂ ನಂಬಿಸಿದೆವು. ಬಿಡುಗಡೆಯ ದಿನ ಒಂದಿಷ್ಟು ಮಾರಾಟವಾಗಿ, ಹಾರ ಹಾಕಿದವರಿಗೆಲ್ಲ ಗೌರವ ಪ್ರತಿ ಸಂದು, ಉಳಿದವು ರಟ್ಟಿನ ಪೆಟ್ಟಿಗೆಯಲ್ಲಿ ಕವಿಯ ಮಂಚದ ಕೆಳಗೆ ಸೇರಿದವು. ಸಕಲೇಶಪುರದ ಕಡೆಯ ಸದಸ್ಯೆಯೊಬ್ಬರು ಮಳೆಗಾಲ ಕಳೆದ ಮೇಲೆ ದೂರವಾಣಿಯಲ್ಲಿ, "ಪುಸ್ತಕಕ್ಕೆಲ್ಲ ಬೂಷ್ಟು ಹಿಡಿದಿದೆ ಸಾರ್, ಬಿಸಿಲಿಗೆ ಹಾಕಲಾ?" ಎಂದು ಕೇಳಿದರು. ಅವರು ಜಗಳವಾಡಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಪದ್ಧತಿ ಬದಲಾಯಿಸಬೇಕೆಂಬ ಮಾತು ಸಭೆಯಲ್ಲಿ ಮೊದಲು ಬಂದದ್ದು ಆ ಕರೆಯ ನಂತರ.

ನಮ್ಮ ಊರಿನ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ, ಇನ್ನೇನು ಹಾಸನದ ಪುಸ್ತಕಗಳಿಗೆಲ್ಲ ಸುಗ್ಗಿ ಎಂದು ಅನೇಕರು ನಮ್ಮನ್ನು ಅಭಿನಂದಿಸಿದರು. ನಮಗೂ ಹೆಮ್ಮೆಯೇ. ಆದರೆ ಬೂಕರ್ ಬಂದದ್ದು ಕಥೆಗಳಿಗೆ. ಕವಿತೆಯ ಕಪಾಟಿನ ಮುಂದೆ ಮೊದಲು ನಿಲ್ಲುತ್ತಿದ್ದವರೇ ಈಗಲೂ ನಿಲ್ಲುತ್ತಾರೆ.

ಪ್ರತಿ ಕಡಿಮೆಯಾದರೆ ಪುಸ್ತಕದ ಘನತೆ ಕಡಿಮೆಯಾಗುತ್ತದೆ ಎಂದು ಹಿರಿಯ ಸದಸ್ಯರೊಬ್ಬರು ನೊಂದು ಬರೆದಿದ್ದಾರೆ. ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯಿದೆಯಂತೆ ಈ ನೂರರೊಳಗಿನಿಂದಲೇ ನಾಲ್ಕು ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ನಮ್ಮ ಖರ್ಚಿನಲ್ಲೇ ಕಳುಹಿಸುತ್ತೇವೆ. ಹೊಳೆನರಸೀಪುರದಲ್ಲಿ ಸಿಗದಿದ್ದರೂ ನಿಮ್ಮ ಪುಸ್ತಕ ಕೋಲ್ಕತ್ತದಲ್ಲಿ ಸಿಗುತ್ತದೆ, ಸಾರ್.

ಮೊದಲ ಸಂಕಲನದ ಹಸ್ತಪ್ರತಿ ಹಿಡಿದಿರುವ ಕಿರಿಯರು ಈ ಪತ್ರ ಓದಿ ಧೈರ್ಯಗೆಡಬಾರದು. ನಮ್ಮ ಬಳಿ ಬರುವ ಮೊದಲು ಕವಿತೆಗಳನ್ನು ಪತ್ರಿಕೆಗಳಿಗೂ ದೀಪಾವಳಿ ವಿಶೇಷಾಂಕಗಳ ಕವನ ಸ್ಪರ್ಧೆಗಳಿಗೂ ಕಳುಹಿಸಿ. ಹಿಂದಿರುಗಿ ಬಂದ ಕವಿತೆಯನ್ನು ಆರು ತಿಂಗಳು ಬಿಟ್ಟು ಓದಿದರೆ ಸಂಪಾದಕರು ಸರಿಯೋ ನೀವು ಸರಿಯೋ ನಿಮಗೇ ತಿಳಿಯುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ವಯೋಮಿತಿಯನ್ನು ಪ್ರಕಟಣೆಯಲ್ಲಿ ನೋಡಿಕೊಂಡು ಅರ್ಜಿ ಹಾಕಿ. ಯಾವ ಪ್ರಕಾಶಕರಲ್ಲಿಗೆ ಹೋದರೂ, ನಮ್ಮಲ್ಲಿಗೇ ಬಂದರೂ, ಕರಾರನ್ನು ಬರಹದಲ್ಲಿ ಮಾಡಿಕೊಳ್ಳಿ. ಕವಿತೆಯ ಹಕ್ಕು ಹುಟ್ಟಿನಿಂದಲೇ ಕವಿಯದು, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಹಕ್ಕನ್ನು ಬರೆದುಕೊಡುವಾಗ ಅವಧಿಯನ್ನು ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಅದು ಐದು ವರ್ಷವೆಂದಾಗುತ್ತದೆ. ನಮ್ಮ ಕರಾರಿನಲ್ಲಿ ಮೂರು ವರ್ಷವೆಂದು ಸ್ಪಷ್ಟವಾಗಿ ಬರೆದಿರುತ್ತೇವೆ.

ಈಗಾಗಲೇ 500 ಪ್ರತಿಗೆ ಮುಂಗಡ ಕಟ್ಟಿದವರಿಗೆ ಹೊಸ ಲೆಕ್ಕದಂತೆ ಹೆಚ್ಚಾದ ಹಣವನ್ನು ಯುಗಾದಿಯೊಳಗೆ ಹಿಂದಿರುಗಿಸುತ್ತೇವೆ. ಹಳೆಯ ಪದ್ಧತಿಯೇ ಬೇಕೆಂದರೆ ಬರೆದು ತಿಳಿಸಿ, ಮಾಡಿಕೊಡುತ್ತೇವೆ, ಆದರೆ ಒಮ್ಮೆ ಬಂದು ಮಾತನಾಡಿ. ಮನೆಯಲ್ಲಿ ಹಳೆಯ ಪ್ರತಿಗಳಿರುವವರು ಒಬ್ಬೊಬ್ಬರು ಐವತ್ತರವರೆಗೆ ನಮ್ಮ ಸಂತೆಪೇಟೆಯ ಕೊಠಡಿಗೆ ತಂದುಕೊಡಬಹುದು, ಕಮಿಷನ್ ಇಲ್ಲದೆ ಮಾರಿಕೊಡುತ್ತೇವೆ. ಬೂಷ್ಟು ಹಿಡಿದವನ್ನೂ ತನ್ನಿ, ಒರೆಸಿ ನೋಡೋಣ. ಶನಿವಾರ ಸಂಜೆ ಐದರ ಮೇಲೆ ಬಾಗಿಲು ತೆರೆದಿರುತ್ತದೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಂಘದ ಪರವಾಗಿ
ಹಾಸನ