ನಮ್ಮ ಸಂಸ್ಕೃತಿ ಅಂತ ಹೇಳಿ ಮುದುಕರ ರೊಕ್ಕ ಉಳಿಸಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ವೃದ್ಧಾಪ್ಯ ವೇತನ ಜರಾ ಹೆಚ್ಚು ಮಾಡ್ರಿ ಅಂತ ಯಾರರ ಬಾಯಿ ತೆಗೆದ್ರ ಸಾಕು, ಆ ಫಾರಿನ್ ಮಾತು ಬಿಡ್ರಿ, ಅಲ್ಲಿ ಮಕ್ಕಳು ಅಪ್ಪ ಅವ್ವನ್ನ ಕೇಳಂಗಿಲ್ಲ ಅದಕ್ಕ ಸರ್ಕಾರ ನೋಡ್ಕೋತದ, ನಮ್ದು ಸಂಸ್ಕೃತಿನೇ ಬ್ಯಾರೆ ಅಂತಾರ. ಓದುಗರ ಪತ್ರದಾಗೂ ಇದನ್ನ ಓದೀನಿ, ಇಲ್ಲಿ ಕಲಬುರಗಿ ಸೂಪರ್ ಮಾರ್ಕೆಟ್ ಚಾ ಅಂಗಡ್ಯಾಗೂ ಕೇಳೀನಿ. ನಾನು ರಿಟೈರ್ ಆದ ಮಾಸ್ತರ, ಟೈಮ್ ಅದ, ಅದಕ್ಕ ಕೂತು ಬರಿಯಾಕತ್ತೀನಿ, ಉದ್ದ ಆದ್ರ ಕತ್ತರಿ ಹಾಕ್ರಿ.

ಮಂದಿ ನಂಬಿಕಿ ಹೆಂಗೋ ಯೋಜನಾನೂ ಹಂಗ ಅನ್ನೋದು ಖರೇ ಅದ. ಸ್ವೀಡನ್‌ದಾಗ ಪ್ರತಿಯೊಬ್ರೂ ತಮ್ಮ ಕಾಲ ಮ್ಯಾಲ ತಾವು ನಿಲ್ಲಬೇಕು, ಗಂಡನ ಮ್ಯಾಲ ಹೆಂಡ್ತಿ, ಮಕ್ಕಳ ಮ್ಯಾಲ ಅಪ್ಪ ಅವ್ವ ಭಾರ ಆಗಬಾರ್ದು ಅನ್ನೋ ವಿಚಾರ ಗಟ್ಟಿ. ಹಿಂಗಾಗಿ 1948ರಿಂದ ಬಡವ ಶ್ರೀಮಂತ ಅನ್ನದೆ ಎಲ್ಲಾ ಮಕ್ಕಳಿಗೂ ಭತ್ಯೆ, 1971ರಿಂದ ಗಂಡ ಹೆಂಡ್ತಿಗೆ ಬ್ಯಾರೆ ಬ್ಯಾರೆ ಟ್ಯಾಕ್ಸ್, 1974ರಿಂದ ಹೆರಿಗೆ ರಜಾ ಅಪ್ಪನಿಗೂ ಬಂತು. ಅಮೆರಿಕಾದಾಗ ದುಡಿದು ತಿನ್ನಬೇಕು ಅನ್ನೋದೇ ದೊಡ್ಡ ಧರ್ಮ. ಅಲ್ಲಿ 1935ರಾಗ ತಂದ ಸೋಶಿಯಲ್ ಸೆಕ್ಯೂರಿಟಿ ಪೆನ್ಷನ್ ಪಗಾರದಾಗ ಕಡಿದ ರೊಕ್ಕದಿಂದ ನಡೀತದ ಅಂತ ಅದನ್ನ ತಗೊಳ್ಳಾಕ ಯಾರಿಗೂ ನಾಚಿಕಿಲ್ಲ, ಅದೇ ಬಡ ತಾಯಂದಿರಿಗೆ ಕೊಡೋ ಸಹಾಯಕ್ಕ 1996ರಾಗ ಕೆಲಸದ ಷರತ್ತು ಹಾಕಿ, ಕೇಂದ್ರದ ರೊಕ್ಕ ಒಟ್ಟು ಐದು ವರ್ಷಕ್ಕಿಂತ ಜಾಸ್ತಿ ಇಲ್ಲ ಅಂತ ಗೆರೆ ಎಳದ್ರು. ನಮ್ಮಲ್ಲೇನು ಕಮ್ಮಿ? ನನ್ನ ಪೆನ್ಷನ್‌ಗೆ ಡಿಎ ಏರಿದ್ರ ಯಾರೂ ಬಿಟ್ಟಿ ಅನ್ನಂಗಿಲ್ಲ, ಹೊಲದಾಗ ಜೀವಮಾನ ಪೂರಾ ತೊಗರಿ ಕೊಯ್ದ ಮುದುಕಿಗೆ ಸಾವಿರ ಚಿಲ್ಲರೆ ಬಂದ್ರ ಬಿಟ್ಟಿ ಭಾಗ್ಯ ಅಂತಾರ, ಅಕಿ ದುಡಿದಿದ್ದು ಯಾವ ರಿಜಿಸ್ಟರ್‌ದಾಗೂ ಇಲ್ಲ ಅನ್ನೋದೇ ಅಕಿ ತಪ್ಪು.

ಈಗ ಸಂಸ್ಕೃತಿ ಮಾತಿಗೆ ಬರ್ತೀನಿ. ಅಪ್ಪ ಅವ್ವನ್ನ ನೋಡ್ಕೊಳ್ಳೋದು ನಮ್ಮೊಬ್ಬರದೇ ಸೊತ್ತಲ್ಲ. ದಕ್ಷಿಣ ಕೊರಿಯಾ, ಚೀನಾ, ಸಿಂಗಾಪುರ ಕಡಿ ನಮಗಿಂತ ಒಂದು ಕೈ ಜಾಸ್ತಿನೇ ಅದ. ಸಿಂಗಾಪುರದವರು 1995ರಾಗ ಪಾಲಕರ ಪೋಷಣೆ ಕಾಯ್ದೆ ತಂದ್ರು, ಮಕ್ಕಳು ನೋಡಲಿಲ್ಲ ಅಂದ್ರ ಟ್ರಿಬ್ಯೂನಲ್‌ಗೆ ಹೋಗಬೇಕು. ಚೀನಾದಾಗ 2013ರಿಂದ ಬ್ಯಾರೆ ಊರಾಗ ಇರೋ ಮಕ್ಕಳು ಆಗಾಗ ಬಂದು ಮುಖ ತೋರಿಸಬೇಕು ಅಂತಲೇ ಕಾನೂನದಾಗ ಬರದ್ರು. ಮಂದಿ ತಾವಾಗೇ ಮಾಡ್ತಿದ್ರ ಕಾನೂನು ಯಾಕ ಬೇಕಿತ್ತು ಹೇಳ್ರಿ.

ಕೊರಿಯಾದ ಕತಿ ಅಂತೂ ನಮ್ಮ ತಹಶೀಲ್ದಾರ್ ಆಫೀಸಿನವರೆಲ್ಲ ಓದಬೇಕಾದ್ದು. ಅಲ್ಲಿ 2000ದಾಗ ಬಡವರಿಗೆ ತಿಂಗಳಾ ರೊಕ್ಕ ಕೊಡೋ ಯೋಜನಾ ಬಂತು, ಆದ್ರ ಮುದುಕರು ಅರ್ಜಿ ಹಾಕಿದ್ರ ಮೊದಲು ಮಗ ಮಗಳ ಆದಾಯ ಎಷ್ಟು ಅಂತ ನೋಡೋರು. ಮಗ ಊರು ಬಿಟ್ಟು ಹೋಗಿರ್ಲಿ, ಮಾತಾಡೋದು ಬಿಟ್ಟಿರ್ಲಿ, ಕಾಗದದ ಮ್ಯಾಲ ಮಗ ಅದಾನ, ಅವನ ಪಗಾರ ಅದ, ಹಂಗಾಗಿ ನಿಮಗಿಲ್ಲ. ಇಷ್ಟು ಶ್ರೀಮಂತ ದೇಶದಾಗ ಮುದುಕರು ಹಳೇ ರಟ್ಟು, ಪೇಪರ್ ಆರಿಸಿ ಕೈಗಾಡಿ ಎಳಿಯೋ ಪರಿಸ್ಥಿತಿ ಬಂತು, ಮುದುಕರ ಬಡತನದಾಗ ಮುಂದುವರಿದ ದೇಶಗಳ ಪೈಕಿ ಕೊರಿಯಾ ಹೆಸರು ಮೊದಲು ಬರಾಕತ್ತು. ಕಡೀಕ 2014ರಾಗ 65 ದಾಟಿದವರ ಪೈಕಿ 100ಕ್ಕ 70 ಮಂದಿಗೆ ಸಿಗೋ ಹಂಗ ಬೇಸಿಕ್ ಪೆನ್ಷನ್ ತಂದ್ರು, 2021ರ ಅಕ್ಟೋಬರ್‌ದಾಗ ಆ ಮಗ ಮಗಳ ಷರತ್ತನ್ನೂ, ಮಕ್ಕಳು ಭಾಳ ಶ್ರೀಮಂತ ಇದ್ದವರನ್ನ ಬಿಟ್ಟು, ತೆಗೆದು ಹಾಕಿದ್ರು. ಜರ್ಮನಿಯವರೂ 2020ರಿಂದ ಮಗಂದೋ ಮಗಳದೋ ವರ್ಷದ ಆದಾಯ 1 ಲಕ್ಷ ಯೂರೋ ದಾಟಿದ್ರ ಮಾತ್ರ ಪಾಲಕರ ಆರೈಕೆ ಖರ್ಚು ಕೇಳ್ತಾರ. ಅಲ್ಲೆಲ್ಲ ಸಂಸ್ಕೃತಿ ಮುಳುಗಿ ಹೋಯ್ತೇನ್ರಿ? ಸ್ವೀಡನ್‌ದಾಗ ಸ್ನಾನ ಮಾಡಿಸೋದು, ಎತ್ತಿ ಕೂಡಿಸೋದಕ್ಕ ಮುನ್ಸಿಪಾಲ್ಟಿ ಕಡಿಂದ ಮನಿಗೆ ಮಂದಿ ಬರ್ತಾರ, ಮಕ್ಕಳು ಬಜಾರ್ ತಂದು ಕೊಡ್ತಾರ, ಕೂತು ಮಾತಾಡ್ತಾರ. ಭಾರ ಹೋದ್ರ ಪ್ರೀತಿ ಹೋಗ್ತದ ಅನ್ನೋದು ನಮ್ಮ ಹೆದರಿಕಿ ಅಷ್ಟೇ.

ನಮ್ಮ ದೇಶದಾಗೂ 2007ರಾಗ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಆತು, ಎಸಿ (ಅಸಿಸ್ಟೆಂಟ್ ಕಮಿಷನರ್) ಸಾಹೇಬರ ಮುಂದ ಅರ್ಜಿ ಹಾಕಬಹುದು, ಮಕ್ಕಳು ಕೊಡಬೇಕಾದ ಜೀವನಾಂಶ ತಿಂಗಳಿಗೆ ₹10 ಸಾವಿರ ಮೀರಬಾರ್ದು ಅಂತ ಬರ್ದಾರ. ಆಸ್ತಿ ಇದ್ದವರಿಗೆ ಈ ಕಾಯ್ದೆ ಉಪಯೋಗ ಅದ, ನೋಡ್ಕೋತೀನಿ ಅಂತ ಹೊಲ ಬರೆಸಿಕೊಂಡು ಕೈ ಬಿಟ್ಟ ಮಗನ ಕಡಿಂದ ವಾಪಸ್ ತಗೋಬಹುದು. ಆದ್ರ ಯಾದಗಿರಿ, ಆಳಂದ, ಔರಾದ್ ಕಡಿ ಹಳ್ಳ್ಯಾಗ ಮಗ ಸೊಸಿ ಇಬ್ರೂ ಬೆಂಗಳೂರು, ಪುಣೆ, ಹೈದರಾಬಾದ್‌ಗೆ ಗುಳೆ ಹೋಗಿ ಬಿಲ್ಡಿಂಗ್ ಕೆಲಸ ಮಾಡ್ತಾರ, ಶೀಟಿನ ಶೆಡ್‌ನಾಗ ಇರ್ತಾರ. ಅಂಥ ಮಗನ ಮ್ಯಾಲ ಯಾವ ತಾಯಿ ಕೇಸ್ ಹಾಕ್ತಾಳ, ಹಾಕಿದ್ರ ಅವನ ಕಡಿ ಏನದ?

ಸರ್ಕಾರಕ್ಕಂತೂ ಮನಿ ಅಂದ್ರ ರೇಷನ್ ಕಾರ್ಡ್. ಒಂದು ಕಾರ್ಡ್, ಒಂದು ಒಲಿ, ಒಳಗ ಇದ್ದವರೆಲ್ಲ ಹಂಚಿಕೊಂಡು ತಿಂತಾರ ಅಂತ ಲೆಕ್ಕ. ಗೃಹಲಕ್ಷ್ಮಿ ₹2,000 ಬಂದಾಗ ಅತ್ತಿಗೋ ಸೊಸಿಗೋ ಅಂತ ಎಷ್ಟು ಮನ್ಯಾಗ ಮುಖ ಗಂಟು ಹಾಕ್ಕೊಂಡ್ರು ಎಲ್ಲರಿಗೂ ಗೊತ್ತದ, ಕಾರ್ಡ್ ಬ್ಯಾರೆ ಮಾಡಿಸಾಕ ಪಾಳಿ ಹಚ್ಚಿದ್ದನ್ನೂ ನೋಡೀವಿ. 2024ರ ನವೆಂಬರ್‌ದಾಗ ಬಿಪಿಎಲ್ ಕಾರ್ಡ್ ರದ್ದಿನ ಗದ್ದಲ ಆತಲ್ಲ, ಸಾಲ ಸಿಗಲಿ ಅಂತ ಐಟಿ ರಿಟರ್ನ್ ತುಂಬಿದವರ ಕಾರ್ಡ್‌ಗೂ ಕುತ್ತು ಬಂತು. ನಮ್ಮ ಓಣ್ಯಾಗಿನ ಒಬ್ಬ ಮುದುಕಿ ಪೆನ್ಷನ್ ಕೇಳಾಕ ಹೋದ್ರ, ನಿನಗ ಮಗ ಅದಾನಲ್ಲಬೇ, ಅವಗ ಕೇಳು ಅಂದು ಕಳಿಸ್ಯಾರ. ಆ ಮಗ ಊರಿಗೆ ಬರೋದು ಜಾತ್ರಿಗೊಮ್ಮೆ.

ಕೇಂದ್ರ ಸರ್ಕಾರದ ಪಾಲಂತೂ ಕೇಳಬ್ಯಾಡ್ರಿ, 80ರ ಒಳಗಿನವರಿಗೆ 2007ರಾಗ ತಿಂಗಳಿಗೆ ₹200 ಇತ್ತು, ಈಗಲೂ ಅಷ್ಟೇ ಅದ. ರಾಜ್ಯದವರು ಸಂಧ್ಯಾ ಸುರಕ್ಷಾದಾಗ 65 ದಾಟಿದವರಿಗೆ ₹1,200 ಕೊಡ್ತಾರ, ಬಿಪಿ ಶುಗರ್ ಗುಳಿಗಿಗೇ ಅರ್ಧ ಹೋಗ್ತದ.

ಇಲ್ಲೇ ಶರಣಬಸವೇಶ್ವರ ಗುಡಿ ದಾಸೋಹಕ್ಕ ಹೋಗ್ರಿ, ಬೀದರದ ಗುರುನಾನಕ ಝೀರಾ ಲಂಗರ್‌ಗೆ ಹೋಗ್ರಿ, ನಿಮ್ಮ ಮಗ ಎಲ್ಲಿ ಅದಾನ, ಪಗಾರ ಎಷ್ಟು ಅಂತ ಯಾರೂ ಕೇಳಂಗಿಲ್ಲ, ಕೂತವರಿಗೆ ಎಲಿ ತಾಟು ಬರ್ತದ. ಸಂಸ್ಕೃತಿ ಹೆಸರು ಹೇಳೋರಿಗೆ ಈ ಸಂಸ್ಕೃತಿ ಯಾಕ ನೆನಪಾಗಂಗಿಲ್ಲೋ ಏನೋ.

ನನ್ನ ಬೇಡಿಕಿ ಎರಡು. ಮುದುಕರ ಪೆನ್ಷನ್‌ಗೆ ಮುದುಕರದಷ್ಟೇ ಆದಾಯ ನೋಡ್ರಿ, ಮಗನ ಕಾರ್ಡಿಗೆ ಅದನ್ನ ಕಟ್ಟಬ್ಯಾಡ್ರಿ. ಇನ್ನ ಆ ₹200 ಯಾವಾಗ ಏರಿಸ್ತೀರಿ ಅಂತ ನಮ್ಮ ಕಡಿ ಎಂಪಿಗಳಿಗೆ ನಿಮ್ಮ ವರದಿಗಾರರು ಒಂದು ಸಲ ಕೇಳಿ, ಅವರು ಏನಂದ್ರು ಅಂತ ಹೆಸರು ಸಮೇತ ಪ್ರಿಂಟ್ ಮಾಡ್ರಿ, ಏನೂ ಅನ್ನಲಿಲ್ಲ ಅಂದ್ರ ಅದನ್ನೂ ಪ್ರಿಂಟ್ ಮಾಡ್ರಿ.

ನಿಮ್ಮ ಹಳೇ ಓದುಗ,
ಕಲಬುರಗಿ