ಅರ್ಧಕ್ಕೆ ನಿಂತ ನಮ್ಮ ಈಜುಕೊಳದ ಪೈಪ್ ಮತ್ತು ಪಂಪ್ ಕೆಲಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕಂಟ್ರಾಕ್ಟರ್ ಬಿಟ್ಟುಹೋದ ಈಜುಕೊಳದ ಕೆಲಸ, ಅದರಲ್ಲಿ ಕಂಡ ದೋಷಗಳು ಮತ್ತು ಅದಕ್ಕಾದ ಖರ್ಚು

ಮಾನ್ಯರೇ,

ನಮ್ಮ ಮನೆಯ ಈಜುಕೊಳ ಕಟ್ಟುವ ಕೆಲಸವನ್ನು ನಿಮ್ಮ ಕಂಪನಿಗೆ ಒಪ್ಪಿಸಿದ್ದೆವು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳ. ತುಂಬಿದರೆ ಸುಮಾರು 45,000 ಲೀಟರ್ ನೀರು. ಟೈಲ್ಸ್ ಅಂಟಿಸಿ, ಸುತ್ತಲೂ ಕಾಂಕ್ರೀಟ್ ಹಾಕಿ, "ಮುಂದಿನ ವಾರ ಪಂಪ್ ಕೂರಿಸ್ತೀವಿ" ಎಂದು ಹೋದ ನಿಮ್ಮ ಕಂಟ್ರಾಕ್ಟರ್ ಮತ್ತೆ ಈ ಕಡೆ ತಲೆ ಹಾಕಿಲ್ಲ. ಅದಾಗಿ ನಾಲ್ಕು ತಿಂಗಳು. ಫೋನ್ ಮಾಡಿದರೆ ಮೊದಮೊದಲು ಇವತ್ತು ನಾಳೆ ಎಂದರು. ಆಮೇಲೆ ಎತ್ತುವುದನ್ನೇ ಬಿಟ್ಟರು. ನಿಮ್ಮ ಆಫೀಸಿನಲ್ಲಿ ಕೇಳಿದರೆ, "ಅವರು ಈಗ ನಮ್ಮ ಜೊತೆ ಇಲ್ಲ" ಎಂಬ ಉತ್ತರ. ಇರಲಿಕ್ಕಿಲ್ಲ. ಆದರೆ ಒಪ್ಪಂದಕ್ಕೆ ಸಹಿ ಹಾಕಿದ್ದು ನೀವು, ಅವರಲ್ಲ.

ಕೊನೆಗೆ ನಾನೇ ಒಬ್ಬ ಪ್ಲಂಬರ್‌ನನ್ನು ಕರೆದುಕೊಂಡು ಕೆಲಸ ಮುಗಿಸಲು ಹೊರಟೆ. ಕೆಲಸ ನಿಂತಿತು ಎಂಬ ಸಿಟ್ಟು ಅಷ್ಟೊತ್ತಿಗೆ ಆರಿತ್ತು. ಈ ಪತ್ರ ಬರೆಯಬೇಕು ಅನ್ನಿಸಿದ್ದು ಕೈ ಹಾಕಿದ ಮೇಲೆ ಒಳಗೆ ಕಂಡದ್ದನ್ನು ನೋಡಿ.

ಪಂಪ್ ಇಡುವ ಕಟ್ಟೆಯ ಹತ್ತಿರ ನೆಲದಿಂದ ಆರು ಪೈಪ್ ಮೇಲೆ ಬಂದಿವೆ. ಒಂದರ ಮೇಲೂ ಗುರುತಿಲ್ಲ. ನೀರಿನ ಮೇಲೆ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರ್‌ನಿಂದ ಬರುವುದು ಯಾವುದು, ತಳದ ಡ್ರೈನ್ ಯಾವುದು, ನೀರನ್ನು ವಾಪಸ್ ಕೊಳಕ್ಕೆ ಬಿಡುವ ಲೈನ್ ಯಾವುದು? ಕೆಲಸ ಆದ ಹಾಗೆ ಬರೆದ ನಕ್ಷೆ ಕೇಳಿದೆ, ಇಲ್ಲ ಎಂದರು. ಕಾಂಕ್ರೀಟ್ ಹಾಕುವ ಮುಂಚಿನ ಫೋಟೊ? ಅದೂ ಇಲ್ಲ. ಮಾರ್ಕರ್ ಪೆನ್ನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಕೆಲಸಕ್ಕೆ ನಮಗೆ ಇಡೀ ಒಂದು ದಿನ ಹಿಡಿಯಿತು. ಒಂದೊಂದೇ ಪೈಪಿಗೆ ತೋಟದ ಹೋಸ್ ಕಟ್ಟಿ ನೀರು ಬಿಡುವುದು, ಖಾಲಿ ಕೊಳದಲ್ಲಿ ನಿಂತ ಮಗಳು "ಬಂತು, ಇಲ್ಲಿ ಬಂತು" ಎಂದು ಕೂಗುವುದು. ಅವಳಿಗೇನೋ ಅದು ಆಟ. ಐದು ಪೈಪ್ ಹೀಗೆ ಪತ್ತೆಯಾದವು. ಆರನೆಯದರಲ್ಲಿ ಬಿಟ್ಟ ನೀರು ಎಲ್ಲೂ ಬರದೆ ನಮ್ಮ ಮುಖಕ್ಕೇ ವಾಪಸ್ ಚಿಮ್ಮಿತು. ಕ್ಯಾಪ್ ಹಾಕದೆ ಬಾಯಿ ತೆರೆದಿಟ್ಟಿದ್ದರು. ಸಿಮೆಂಟ್ ಗಾರೆ ಒಳಗೆ ಬಿದ್ದು ಕಲ್ಲಾಗಿತ್ತು. ಉಳಿದದ್ದು ಇದೊಂದೇ ಆದ್ದರಿಂದ ಇದು ಕೊಳದ ತಳದ ಕೊಳೆ ಹೀರಿ ತೆಗೆಯುವ ವ್ಯಾಕ್ಯೂಮ್ ಲೈನ್ ಇರಬೇಕು ಎಂದುಕೊಂಡೆವು.

ಪೈಪ್ ಹೂಳುವ ಮುಂಚೆ ಬಾಯಿಗಳನ್ನು ಮುಚ್ಚಿ, ನೀರು ತುಂಬಿ, ಒತ್ತಡ ಕೊಟ್ಟು ನೋಡಬೇಕು. ರಾತ್ರಿ ಕಳೆದರೂ ಗೇಜಿನ ಮುಳ್ಳು ಇಳಿಯಬಾರದು. ಇದು ನಿಮಗೆ ನಾನು ಹೇಳಿಕೊಡಬೇಕಾದ ಪಾಠ ಅಲ್ಲ, ಅಲ್ವಾ? ನಾವು 2 ಬಾರ್ ಒತ್ತಡ ಕೊಟ್ಟೆವು. ವಾಪಸ್ ಲೈನಿನ ಮುಳ್ಳು ಅರ್ಧ ಗಂಟೆಯಲ್ಲಿ ಸೊನ್ನೆಗೆ ಬಂತು. ಹೊಸ ಟೈಲ್ಸ್ ಒಡೆದು, ಕಾಂಕ್ರೀಟ್ ಕೊರೆದು ನೋಡಿದಾಗ ಸಿಕ್ಕಿದ್ದು ಒಂದು ಎಲ್ಬೋ, ಅಂದರೆ ಪೈಪ್ ತಿರುಗುವ ಕಡೆ ಹಾಕುವ ಜೋಡಣೆ. ಪೈಪನ್ನು ಅದರೊಳಗೆ ಅರ್ಧದಷ್ಟೇ ತುರುಕಿದ್ದರು. ಅಂಟಿಗೆ ಮೊದಲು ಹಚ್ಚುವ ಪ್ರೈಮರ್‌ನ ಗುರುತೇ ಇರಲಿಲ್ಲ. ಕೈಯಲ್ಲಿ ತಿರುಗಿಸಿದರೆ ಕಿತ್ತು ಬಂತು. ಅದನ್ನು ಎತ್ತಿಟ್ಟಿದ್ದೇನೆ, ನಿಮ್ಮವರು ಬಂದು ನೋಡಬಹುದು.

ಮರಳಿನ ಫಿಲ್ಟರ್ ಕತೆ ಚಿಕ್ಕದು. ಮೊದಲು ಅರ್ಧ ಡ್ರಮ್ ನೀರು ತುಂಬಿ, ನಡುವಿನ ಪೈಪಿನ ಬಾಯಿ ಮುಚ್ಚಿ, ಆಮೇಲೆ ನಿಧಾನಕ್ಕೆ ಮರಳು ಹಾಕಬೇಕು. ಇಲ್ಲಿ ನೀರೇ ಇಲ್ಲದೆ ಚೀಲ ಎತ್ತಿ ಸುಮ್ನೆ ಸುರಿದು ಹೋಗಿದ್ದಾರೆ. ಪಂಪ್ ಚಾಲೂ ಮಾಡಿದ ದಿನ ನೀರಿನ ಜೊತೆ ಮರಳೂ ಕೊಳಕ್ಕೆ ಬಂತು. ಡ್ರಮ್ ಖಾಲಿ ಮಾಡಿ ನೋಡಿದರೆ ಮರಳನ್ನು ತಡೆದು ನೀರನ್ನಷ್ಟೇ ಬಿಡುವ ತಳದ ಸೀಳುಪೈಪುಗಳಲ್ಲಿ ಎರಡು ಮುರಿದಿದ್ದವು.

ಈಗ ನನಗೆ ನಿಜವಾಗಿ ಭಯ ಹುಟ್ಟಿಸಿದ ವಿಷಯ. ನೀವು ಕೊಟ್ಟ ಮೊದಲ ನಕ್ಷೆಯಲ್ಲಿ ತಳಕ್ಕೆ ಎರಡು ಡ್ರೈನ್ ಇವೆ. ಕೊಳದಲ್ಲಿ ಇರುವುದು ಒಂದೇ. ಅದರ ಮುಚ್ಚಳಕ್ಕೆ ಸ್ಕ್ರೂ ಕೂಡ ಹಾಕಿಲ್ಲ. ಎರಡು ಡ್ರೈನ್ ಕನಿಷ್ಠ 90 ಸೆಂಟಿಮೀಟರ್ ದೂರದಲ್ಲಿದ್ದು, ಎರಡೂ ಒಂದೇ ಲೈನಿಗೆ ಸೇರಿರಬೇಕು. ಆಗ ಒಂದಕ್ಕೆ ಏನಾದರೂ ಅಡ್ಡ ಬಂದರೆ ಪಂಪ್ ಇನ್ನೊಂದರಿಂದ ಎಳೆದುಕೊಳ್ಳುತ್ತದೆ. ಒಂದೇ ಇದ್ದರೆ ಪಂಪಿನ ಇಡೀ ಎಳೆತ ಅಲ್ಲೇ. ಅದರ ಮೇಲೆ ಮಗು ಕೂತರೆ, ಇಲ್ಲವೇ ಕೂದಲು ಸಿಕ್ಕಿಕೊಂಡರೆ, ದೊಡ್ಡವರ ಕೈಯಲ್ಲೂ ಬಿಡಿಸಲು ಆಗದೇ ಹೋಗಬಹುದು. ಒಂದು ಡ್ರೈನ್ ಉಳಿಸಿ ನಿಮಗೆ ಸಿಕ್ಕಿದ್ದಾದರೂ ಎಷ್ಟು?

ಹಾಗಾಗಿ ತಳದ ಡ್ರೈನಿನ ವಾಲ್ವ್ ಮುಚ್ಚಿ, ಬರೀ ಸ್ಕಿಮ್ಮರ್ ಲೈನಿನಿಂದ ಪಂಪ್ ಓಡಿಸುತ್ತಿದ್ದೇನೆ. ಅಲ್ಲೂ ಒಂದು ಎಡವಟ್ಟು. ಒಪ್ಪಂದದಲ್ಲಿ ಹೀರುವ ಪೈಪ್ 2 ಇಂಚು, ಹಾಕಿದ್ದು ಒಂದೂವರೆ. ಆರು ಗಂಟೆಗೊಮ್ಮೆ ಎಲ್ಲ ನೀರು ಫಿಲ್ಟರ್ ಆಗಬೇಕಾದರೆ ನಮ್ಮ ಕೊಳಕ್ಕೆ ಗಂಟೆಗೆ 7,500 ಲೀಟರ್ ಸಾಕು. ನೀವು ಕಳಿಸಿದ ಪಂಪ್ ಗಂಟೆಗೆ 15,000 ಲೀಟರ್‌ನದು. ಹೀರುವ ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ 1.8 ಮೀಟರ್ ಮೀರಬಾರದು ಎಂದು ಈ ಕಸುಬಿನವರೇ ಹೇಳುತ್ತಾರೆ. ಈ ಪಂಪ್ ಪೂರ್ತಿ ಎಳೆದರೆ ಒಂದೂವರೆ ಇಂಚಿನ ಪೈಪಿನಲ್ಲಿ ಅದು 3 ಮೀಟರ್ ದಾಟುತ್ತದೆ. ಅದಕ್ಕೇ ಪಂಪ್, ಒಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡುತ್ತದೆ. ವಾಲ್ವ್ ಅರ್ಧ ತಿರುಗಿಸಿ ಹೇಗೋ ಸಂಭಾಳಿಸುತ್ತಿದ್ದೇನೆ. ನಿಲ್ಲಿಸಿದರೆ ನೀರು ಹಸಿರಾಗುತ್ತದೆ. ಖಾಲಿ ಮಾಡಿ ಬಿಡೋಣ ಎಂದರೆ, ನೆಲದಡಿಯ ನೀರು ಏರಿದಾಗ ಖಾಲಿ ಕೊಳವನ್ನೇ ಮೇಲಕ್ಕೆ ಎತ್ತಿಬಿಡಬಹುದು.

ಕರೆಂಟಿನ ಕೆಲಸದಲ್ಲಿ ಪಂಪಿನ ವೈರ್ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಬಿಟ್ಟಿದ್ದರು. ಸೋರುವ ಕರೆಂಟನ್ನು ತಕ್ಷಣ ಕಡಿಯುವ 30 ಮಿಲಿ ಆಂಪಿಯರ್ ಬ್ರೇಕರನ್ನು ನಾನೇ ಹಾಕಿಸಿದೆ. ಶಾಕ್ ಹೊಡೆಯದಂತೆ ಕೊಳದ ಕಬ್ಬಿಣ, ಏಣಿ, ಪಂಪ್ ಎಲ್ಲವನ್ನೂ ಒಂದಕ್ಕೊಂದು ಸೇರಿಸಬೇಕಾದ ತಾಮ್ರದ ತಂತಿ ಮಾತ್ರ ಗೋಡೆಯ ಬದಿಯಲ್ಲಿ ತುಂಡಾಗಿ ನಿಂತಿದೆ. ಅದರ ಇನ್ನೊಂದು ತುದಿ ಕಬ್ಬಿಣಕ್ಕೆ ಸೇರಿದೆಯೋ ಇಲ್ಲವೋ, ಹಾಕಿದವರೇ ಹೇಳಬೇಕು. ಅಲ್ಲಿಯವರೆಗೆ ಯಾರನ್ನೂ ನೀರಿಗೆ ಇಳಿಸುವುದಿಲ್ಲ.

ನಾನು ಕೇಳುವುದು ಇಷ್ಟು. ಎರಡನೇ ಡ್ರೈನ್ ಮತ್ತು ಗಟ್ಟಿ ಮುಚ್ಚಳವನ್ನು ನಿಮ್ಮ ಖರ್ಚಿನಲ್ಲಿ ಹಾಕಿಸಿ. ತಾಮ್ರದ ತಂತಿಯ ಜೋಡಣೆಯನ್ನು ಪರೀಕ್ಷೆ ಮಾಡಿಸಿ ಬರಹದಲ್ಲಿ ಕೊಡಿ. ಹೀರುವ ಪೈಪ್ ಬದಲಿಸಿ, ಅದು ಆಗದಿದ್ದರೆ ಕೊಳಕ್ಕೆ ತಕ್ಕ ಸಣ್ಣ ಪಂಪ್ ಕೊಡಿ. ಕಟ್ಟಿಕೊಂಡ ವ್ಯಾಕ್ಯೂಮ್ ಲೈನ್ ಸರಿಮಾಡಿ. ಪಂಪ್ ಮತ್ತು ಫಿಲ್ಟರಿನ ವಾರಂಟಿ ಕಾಗದ ಇನ್ನೂ ನನ್ನ ಕೈ ಸೇರಿಲ್ಲ, ಅದೂ ಬೇಕು. ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲ್ಸ್ ಮತ್ತು ಫಿಲ್ಟರ್ ರಿಪೇರಿಗೆ ನಾನು ಕೊಟ್ಟ ಹಣದ ರಸೀದಿಗಳನ್ನು ಫೋಟೊಗಳ ಜೊತೆ ಲಗತ್ತಿಸಿದ್ದೇನೆ. ಕೊನೆಯ ಕಂತು ನನ್ನ ಬಳಿಯೇ ಇದೆ. ಈ ಖರ್ಚನ್ನು ಅದರಲ್ಲಿ ಮುರಿದುಕೊಂಡು, ಬಾಕಿ ಕೆಲಸ ಮುಗಿದ ಮೇಲೆ ಉಳಿದದ್ದನ್ನು ಕೊಡುತ್ತೇನೆ. 15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ಈ ಕಾಗದಗಳನ್ನೆಲ್ಲ ವಕೀಲರ ಕೈಗೆ ಕೊಡುತ್ತೇನೆ.

ನಿಮ್ಮವರು ಬರುವುದಾದರೆ ಹಿಂದಿನ ದಿನ ಒಂದು ಫೋನ್ ಮಾಡಲಿ. ಯಾವ ಪೈಪ್ ಯಾವುದು ಎಂದು ಅವರು ಹುಡುಕಬೇಕಾಗಿಲ್ಲ, ಎಲ್ಲದರ ಮೇಲೂ ಹೆಸರು ಬರೆದಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ