ಕ್ಯಾತ್ಸಂದ್ರದ ಹತ್ತಿರ ಬೈಕ್ ನಿಲ್ಲಿಸಿದ ಅಣ್ಣನಿಗೆ

ಅಣ್ಣ, ಹೆಸರು ಕೇಳುವಷ್ಟರಲ್ಲಿ ಹೊರಟುಬಿಟ್ರಿ. ಹೆದ್ದಾರಿ 48ರ ಪಕ್ಕ, ಬಾನೆಟ್ಟಿಂದ ಆವಿ ಏಳ್ತಿದ್ದ ನಮ್ಮ ಹಳೇ ಸೆಡಾನ್ ನೋಡಿ ನಿಂತವರು ನೀವೊಬ್ಬರೇ. ಮೊದಲು ರೇಡಿಯೇಟರ್ ಮುಚ್ಚಳಕ್ಕೆ ಯಾರೂ ಕೈ ಹಾಕದಂತೆ ತಡೆದ್ರಿ. ಬಿಸಿಯಲ್ಲಿ ತೆಗೆದ್ರೆ ಒತ್ತಡದಲ್ಲಿರೋ ಕುದಿನೀರು ಮುಖಕ್ಕೇ ಚಿಮ್ಮುತ್ತೆ ಅಂದ್ರಿ. ಪಕ್ಕದಲ್ಲೇ ನನ್ನ ಮಗ ನಿಂತಿದ್ದ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೋಸ್ ಪೈಪಿನ ಸೀಳಿದ ತುದಿ ಕತ್ತರಿಸಿ, ಮತ್ತೆ ಕೂರಿಸಿ, ಕ್ಲ್ಯಾಂಪ್ ಬಿಗಿದು ನೀರು ತುಂಬಿಸಿದ್ರಿ. ಹಾಗೇ ಓಡಿಸಿದ್ರೆ ಇಂಜಿನ್ ಮೇಲ್ಭಾಗದ ಸಿಲಿಂಡರ್ ಹೆಡ್ ಬಾಗಿ, ಅದರಡಿ ಸೋರದಂತೆ ತಡೆಯೋ ಗ್ಯಾಸ್ಕೆಟ್ ಹೋಗ್ತಿತ್ತು. ಎರಡು ಲಕ್ಷ ಕಿಲೋಮೀಟರ್ ದಾಟಿದ ಗಾಡಿಗೆ ಅಂಥ ಖರ್ಚು ನಮ್ಮ ಸಂಬಳದಲ್ಲಿ ಆಗೋ ಮಾತಲ್ಲ.

ಕೊಟ್ಟ ದುಡ್ಡು ಮುಟ್ಟಲಿಲ್ಲ. "ಬರೀ ನೀರಲ್ಲೇ ಬಿಡ್ಬೇಡಿ, ಒಳಗೆ ತುಕ್ಕು ಹಿಡಿಯುತ್ತೆ, ಕೂಲೆಂಟ್ ಹಾಕ್ಸಿ" ಅಂದ್ರಿ. ತುಮಕೂರಲ್ಲೇ ಹೊಸ ಹೋಸು, ಕೂಲೆಂಟು ಎರಡೂ ಹಾಕಿಸಿದ್ವಿ. ನಿಮ್ಮ ಉಪಕಾರ ದೊಡ್ಡದು, ಅಣ್ಣ.